ಸದ್ದಿನ ವೇಗ ತಗ್ಗಿಸಿದ ವಜೀರುನ್ನಿಸಾ

ಆಳಂದದ ಬಸ್ ನಿಲ್ದಾಣದ ಎದುರುಸಾಲಿನಲ್ಲಿ ಅಬ್ದುಲ್ ಗನಿ ಎಂಬವರದೊಂದು ಸ್ಟೋವ್ ರಿಪೇರಿ ಅಂಗಡಿ ಇತ್ತು. ಮೇಲೆ ನಾಲ್ಕು ತಗಡು, ಕೆಳಗೆ ಶಹಾಬಾದಿ ಕಲ್ಲಿನ ಕಟ್ಟೆ, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಬರ್ನರುಗಳು. ಅವರ ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳು ವಜೀರುನ್ನಿಸಾ. ಶಾಲೆ ಬಿಟ್ಟ ಮೇಲೆ ಆ ಕಟ್ಟೆಯ ಮೇಲೇ ಕೂತು ಲೆಕ್ಕ ಬಿಡಿಸುತ್ತಿದ್ದಳು. ಸ್ಟೋವ್ ಆಗುವ ತನಕ ಹೊತ್ತು ಹೋಗದ ಗಿರಾಕಿಗಳು ಹುಡುಗಿಗೆ ಬಾಯಿಲೆಕ್ಕ ಹಾಕುತ್ತಿದ್ದರು. ಇಂಥ ಹೊತ್ತಿಗೆ ಗುಲಬರ್ಗಾದಿಂದ ಒಂದು ಬಸ್ಸು ಬಿಟ್ಟಿತು, ಎದುರಿನಿಂದ ಇನ್ನೊಂದು, ಎಲ್ಲಿ ಭೇಟಿ? ಅವಳು ಥಟ್ಟನೆ ಉತ್ತರ ಹೇಳಿ, "ಆದರ ಆ ಬಸ್ಸು ಒಂದಿನಾನೂ ಹೊತ್ತಿಗೆ ಬಿಡಂಗಿಲ್ಲ್ರಿ" ಎಂದು ಸೇರಿಸುತ್ತಿದ್ದಳು.

ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಗುಲಬರ್ಗಾದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ., ಅಲ್ಲಿಂದ ಗಣಿತದಲ್ಲಿ ಎಂ.ಎಸ್ಸಿ. 1981ರಲ್ಲಿ ಆಳಂದದ ಹೊರವಲಯದ ಪಾಲಿಟೆಕ್ನಿಕ್ಕಿನಲ್ಲಿ ಗಣಿತದ ಮೇಡಂ ಆಗಿ ಸೇರಿದಾಗ ಅವಳಿಗೆ ಇಪ್ಪತ್ತೈದು. ಮೂರು ವರ್ಷಕ್ಕೆ ತಂದೆ ತೀರಿಕೊಂಡರು. ತಾಯಿ ಪ್ಯಾರಿಬಿ ಮತ್ತು ಅವಳು, ಇಬ್ಬರದೇ ಮನೆ. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಅವಳೇ ಬೇಡವೆಂದಳು. ಪ್ಯಾರಿಬಿ ಒಂದು ವಾರ ಮಾತು ಬಿಟ್ಟು, ಮತ್ತೆ ಮಾತಾಡಹತ್ತಿದರು.

ಅವಳಿಗೆ ಇನ್ನೂ ಓದಬೇಕೆಂಬ ಆಸೆ ಇತ್ತು. ಗುಲಬರ್ಗಾದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಣ್ಣಾರಾಯ ಎಂಬ ಪ್ರಾಧ್ಯಾಪಕರಿದ್ದರು. ಅಫಜಲಪುರದ ಕಡೆಯವರು. ಹರೆಯದಲ್ಲಿ ದೂರದ ಪ್ರಯೋಗಶಾಲೆಯೊಂದರಲ್ಲಿ ಹತ್ತು ವರ್ಷ ರಾಕೆಟ್ಟಿನ ನಳಿಕೆಯ ಕೆಲಸ ಮಾಡಿ ಬಂದವರು. ಅವರ ಕೈಕೆಳಗೆ ಅವಳು ನೌಕರಿ ಮಾಡುತ್ತಲೇ ಪಿಎಚ್.ಡಿ.ಗೆ ಹೆಸರು ಹಚ್ಚಿದಳು. ಪಾಲಿಟೆಕ್ನಿಕ್ಕಿಗೆ ಎರಡು ಕಂಪ್ಯೂಟರು ಬಂದ ವರ್ಷ ಅಣ್ಣಾರಾಯರು ಒಂದು ಫ್ಲಾಪಿ ಕೊಟ್ಟರು. ಅದರಲ್ಲಿ ಎರಡು ಸಾವಿರದ ನಾನೂರು ಸಾಲಿನ ಪ್ರೋಗ್ರಾಮು. ರಾಕೆಟ್ಟಿನ ನಳಿಕೆಯಲ್ಲಿ ಸುಡುಗಾಳಿ ಎಲ್ಲಿ ಎಷ್ಟು ವೇಗದಲ್ಲಿ ಹಾಯುತ್ತದೆ, ಎಲ್ಲಿ ಎಷ್ಟು ಒತ್ತುತ್ತದೆ ಎಂದು ಲೆಕ್ಕ ಹಾಕುವಂಥದು. ನಳಿಕೆಯನ್ನು ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಯ ಗಾಳಿಯನ್ನು ಒಂದಿಷ್ಟೇ ಮುಂದಕ್ಕೆ ತಳ್ಳಿ, ಮತ್ತೆ ಮೊದಲಿನಿಂದ ಸುತ್ತು ಹೊಡೆಯುವುದು ಅದರ ಪದ್ಧತಿ. ಯಾವ ಮನೆಯಲ್ಲೂ ಏನೂ ಬದಲಾಗದ ಹಂತಕ್ಕೆ ಬಂದರೆ ಅದೇ ಉತ್ತರ. ನಾನೂರು ಸುತ್ತಿನಲ್ಲಿ ನಳಿಕೆಯ ಲೆಕ್ಕ ಬಂದು ನಿಲ್ಲುತ್ತಿತ್ತು.

"ಇದನ್ನ ಹಿಡಕೊಂಡು ನಾಕು ಬಗೆ ನಳಿಕೆ ಲೆಕ್ಕ ಮಾಡು. ನಿನ್ನ ಪಿಎಚ್.ಡಿ. ಪುಸ್ತಕ ತಯಾರಾಯ್ತು" ಎಂದಿದ್ದರು ಅಣ್ಣಾರಾಯ. ಅವಳು ಎರಡು ಬಗೆ ಮುಗಿಸಿಯೂ ಇದ್ದಳು.

ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಶಿವಕಾಂತಾ ಅವಳ ಗೆಳತಿ. ಭೂಸನೂರಿನ ದೊಡ್ಡಪ್ಪ ಎಂಬ ಕಬ್ಬಿನ ರೈತರ ಮಗಳು. 1990ರ ಎಳ್ಳಮಾವಾಸ್ಯೆಗೆ ಶಿವಕಾಂತಾ ಅವಳನ್ನು ಹೊಲಕ್ಕೆ ಕರೆದೊಯ್ದಳು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದು, ಜೋಳದ ಬೆಳೆಯ ನೆರಳಲ್ಲಿ ಎಲ್ಲರೂ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡರು. ಹೊಲದ ಆ ತುದಿಯಲ್ಲಿ ದೊಡ್ಡಪ್ಪನವರ ಬೆಲ್ಲದ ಗಾಣ. ಹೊಸದಾಗಿ ಕಟ್ಟಿಸಿದ ಉದ್ದನೆಯ ಒಲೆ, ಮೇಲೆ ಸಾಲಾಗಿ ಮೂರು ಕೊಪ್ಪರಿಗೆ, ಹಿಂದೆ ಇಪ್ಪತ್ತು ಅಡಿಯ ಹೊಗೆಗೂಡು. ಹಬ್ಬದ ದಿನವೂ ಒಂದು ಅಡುಗೆಯ, ಅಂದರೆ ಒಂದು ಸಲ ಬೆಲ್ಲ ಕಾಯಿಸುವಷ್ಟು, ರಸ ಕುದಿಯುತ್ತಿತ್ತು.

ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ಒಡ್ಡುತ್ತಿದ್ದಾಕೆ ನಿಂಬೆವ್ವ. ಹೊಗೆ ಗೂಡಿನಿಂದ ಹೋಗುವುದಕ್ಕಿಂತ ಹೆಚ್ಚಾಗಿ ಅವಳ ಮುಖಕ್ಕೇ ಬರುತ್ತಿತ್ತು. ಅವಳ ಕಣ್ಣು ಎರಡೂ ಕೆಂಪಗೆ, ರೆಪ್ಪೆ ಉಬ್ಬಿದ್ದವು. ಸೆರಗಿನಿಂದ ಮೂಗು ಕಟ್ಟಿಕೊಂಡು ಸಿಪ್ಪೆ ಒಡ್ಡುವುದು, ಪಕ್ಕಕ್ಕೆ ಬಂದು ಕೆಮ್ಮುವುದು, ಮತ್ತೆ ಹೋಗುವುದು.

"ಒಲಿ ಹೊಸಾದು, ಹೊಗಿ ಮಾತ್ರ ಹಳೇದು" ಎಂದರು ದೊಡ್ಡಪ್ಪ. "ಗೂಡು ಎರಡು ಸಲ ಎತ್ತರ ಮಾಡಿಸೇನಿ. ಸಿಪ್ಪಿ ಸಾಲಂಗಿಲ್ಲ, ಮ್ಯಾಲ ಕಟಗಿ ಹಾಕಬೇಕಾಗ್ಯಾದ. ನಡುವಿನ ಕೊಪ್ಪರಿಗಿ ಕಾಯೋದೇ ಇಲ್ರಿ ಮೇಡಂ."

ವಜೀರುನ್ನಿಸಾ ಒಲೆಯ ಸುತ್ತ ಎರಡು ಸಲ ತಿರುಗಿದಳು. ಗಾಳಿ ಒಂದು ಕಡೆಯಿಂದ ಒಳಹೊಕ್ಕು, ಬೆಂಕಿಯಲ್ಲಿ ಕಾದು, ಮೂರು ಕೊಪ್ಪರಿಗೆಯ ತಳ ಸವರಿಕೊಂಡು ಗೂಡಿನಿಂದ ಹೋಗಬೇಕು. ಇದೂ ಒಂದು ನಳಿಕೆಯೇ. ಶಿವಕಾಂತಾಳಿಂದ ಹಗ್ಗ ಹಿಡಿಸಿ ಒಲೆಯ ಉದ್ದ, ಅಗಲ, ತಳದ ಇಳಿಜಾರು ಎಲ್ಲ ಅಳೆದು ಬರೆದುಕೊಂಡಳು.

"ನಾ ಇದರ ಲೆಕ್ಕ ಹಾಕಿ ನೋಡ್ತೇನ್ರಿ" ಎಂದಳು.

ದೊಡ್ಡಪ್ಪ ನಕ್ಕರು. "ಲೆಕ್ಕ ಹಾಕಿ ಹೊಗಿ ಓಡಸ್ತೀರೇನ್ರಿ? ಓಡಿಸ್ರಿ. ನಿಂಬೆವ್ವ ನಿಮ್ಮ ಹೆಸರಲೇ ಹಣ್ಣು ಕಾಯಿ ಒಡಸ್ತಾಳ."

ಮರುವಾರವೇ ಅವಳು ರಾಕೆಟ್ಟಿನ ಪ್ರೋಗ್ರಾಮಿಗೆ ಒಲೆಯ ಆಕಾರ ತುಂಬಿ ಓಡಿಸಿದಳು. ಆಳಂದದಲ್ಲಿ ಆಗ ಕರೆಂಟು ನೆಚ್ಚಿಗೆಯಾಗಿ ಇರುತ್ತಿದ್ದುದು ಮಧ್ಯಾಹ್ನ ಎರಡರಿಂದ ಐದು. ದಿನಕ್ಕೆ ಮೂರು ತಾಸು. ಐದು ಗಂಟೆಗೆ ಫ್ಲಾಪಿಗೆ ಇಳಿಸಿ, ಮರುದಿನ ಅಲ್ಲಿಂದ ಮುಂದೆ. ಎರಡು ವಾರ ಕಳೆಯಿತು. ಹದಿನೈದು ಸಾವಿರ ಸುತ್ತು ಆಯಿತು. ಒಲೆಯ ಬಾಯಿಗೆ ಹೊಕ್ಕ ಗಾಳಿ ಇನ್ನೂ ಗೂಡನ್ನೇ ಮುಟ್ಟಿರಲಿಲ್ಲ. ಮುಟ್ಟಿದಷ್ಟು ದಾರಿಯಲ್ಲೂ ಗಾಳಿ ಗಾಳಿಯಂತಿರಲಿಲ್ಲ, ಹದ ಬಂದ ಬೆಲ್ಲದ ಪಾಕದಂತೆ ಅಂಟಂಟಾಗಿ ಸರಿಯುತ್ತಿತ್ತು.

ಅವಳು ಕಾಗದಗಳನ್ನು ಹಿಡಿದು ಗುಲಬರ್ಗಾಕ್ಕೆ ಹೋದಳು. ಅಣ್ಣಾರಾಯರು ನೋಡಿ ಕನ್ನಡಕ ತೆಗೆದರು.

"ಇದು ಆಗಂಗಿಲ್ಲ ಬಿಡವ್ವ. ಈ ಪ್ರೋಗ್ರಾಮು ವೇಗದ ಗಾಳಿಗೆ ಮಾಡಿದ್ದು. ನಿಧಾನ ಹರಿಯೋದಕ್ಕ ಬ್ಯಾರೇನ ಪದ್ಧತಿ ಅದ. ಅಲ್ಲಿ ಗಾಳಿ ಒತ್ತಿದರ ಕುಗ್ಗಂಗಿಲ್ಲ, ನೀರಿನಂಗ ಎಲ್ಲಾ ಕಡೆ ಒಂದೇ ಸಾಂದ್ರತೆ ಅಂತ ಹಿಡೀತಾರ."

"ಆದರ ಸರ್, ಇಲ್ಲಿ ಒಂದೇ ಎಲ್ಲಿ ಅದ? ಬಾಯಾಗ ತಣ್ಣನ ಗಾಳಿ, ಒಳಗ ಬೆಂಕಿ. ಒಳಗಿನ ಗಾಳಿ ತೂಕ ಹೊರಗಿಂದರ ಮೂರನೇ ಒಂದು ಭಾಗ. ಹಗುರ ಆಗೇದ ಅಂತನ ಗೂಡು ಎಳೀತದ. ಒಂದೇ ಅಂತ ಹಿಡಿದರ ಗೂಡು ಎಳಿಯೋದೇ ನಿಂತು ಹೋಗ್ತದಲ್ರಿ?"

ಅಣ್ಣಾರಾಯರು ಕಾಗದಗಳನ್ನು ಮತ್ತೊಮ್ಮೆ ತಿರುವಿದರು. ಅದು ಖರೆ. ನಿಧಾನದ ಗಾಳಿಗೆ ಮಾಡಿದ ಪ್ರೋಗ್ರಾಮಿಗೆ ಬೆಂಕಿ ತಿಳಿಯುವುದಿಲ್ಲ. ಬೆಂಕಿ ತಿಳಿದ ಪ್ರೋಗ್ರಾಮಿಗೆ ನಿಧಾನ ತಿಳಿಯುವುದಿಲ್ಲ.

"ಒಲಿ ಬಿಡು, ನಳಿಕಿ ಮುಗಿಸು" ಎಂದರು ಕೊನೆಗೆ. "ಇನ್ನ ಎರಡೇ ಉಳಿದಾವ."

ಅವಳು ಹೂಂ ಎಂದು ಬಂದಳು. ಬಸ್ಸಿನಲ್ಲಿ ಕೂತಾಗ ಕೆಂಪು ಕಣ್ಣಿನ ನಿಂಬೆವ್ವ ನೆನಪಾದಳು, ನಳಿಕೆ ನೆನಪಾಗಲಿಲ್ಲ.

ಪ್ರೋಗ್ರಾಮು ಯಾಕೆ ಏದುಸಿರು ಬಿಡುತ್ತದೆ ಎಂಬುದು ಕೆಲವು ದಿನಗಳಲ್ಲಿ ಅವಳಿಗೆ ತಿಳಿಯಿತು. ತಿಳಿದದ್ದನ್ನು ಶಿವಕಾಂತಾಳಿಗೆ ಊಟದ ಹೊತ್ತಿನಲ್ಲಿ ಹೇಳಿದಳು.

"ಗಾಳಿನ ಒಂದು ಕಡೆ ಒತ್ತಿದರ, ಒತ್ತಿದ ಸುದ್ದಿ ಸದ್ದಿನ ವೇಗದಾಗ ಓಡ್ತದ. ಕಾದ ಗಾಳ್ಯಾಗ ಸೆಕೆಂಡಿಗೆ ಆರು ನೂರು ಮೀಟರ್. ಗಾಳಿ ಸ್ವತಃ ಹೋಗೋದು ಬರೇ ಮೂರು ಮೀಟರ್. ಪ್ರೋಗ್ರಾಮಿನ ಕಟ್ಟಳಿ ಏನಂದರ, ಒಂದು ಸುತ್ತಿನ್ಯಾಗ ಸುದ್ದಿ ಒಂದು ಮನಿಗಿಂತ ಮುಂದ ದಾಟಬಾರದು. ಅದಕ್ಕ ಅದು ಸೆಕೆಂಡಿನ ಹನ್ನೆರಡು ಸಾವಿರದಾಗಿನ ಒಂದು ಪಾಲು, ಅಷ್ಟಷ್ಟೇ ಹೆಜ್ಜಿ ಇಡ್ತದ."

"ರಾಕೆಟ್ಟಿನ್ಯಾಗ ಹಂಗ್ಯಾಕ ಆಗಲಿಲ್ಲ?"

"ಅಲ್ಲಿ ಗಾಳಿ ಸದ್ದಿನ ಜೋಡಿನ ಓಡ್ತದ. ಇಬ್ಬರದೂ ಒಂದೇ ನಡಿಗಿ. ಇಲ್ಲಿ ಒಲಿ ನೆಟ್ಟಗಾಗಬೇಕಾದರ ಹತ್ತು ಸೆಕೆಂಡಿನ ಗಾಳಿ ಹರೀಬೇಕು. ಒಂದು ಲಕ್ಷ ಇಪ್ಪತ್ತು ಸಾವಿರ ಸುತ್ತು. ಸುತ್ತಿಗೆ ಹತ್ತು ಸೆಕೆಂಡು ತಗೊಂತದ ಈ ಮಷೀನು. ನಮ್ಮ ಕರೆಂಟಿನ ಲೆಕ್ಕದಾಗ ನೂರಾ ಹನ್ನೊಂದು ದಿನ."

"ನೂರಾ ಹನ್ನೊಂದು ದಿನ ಕಾಯೋಣು ಬಿಡು."

"ಕಾದರೂ ಉತ್ತರ ಖೊಟ್ಟಿ. ಲೆಕ್ಕ ಅಲುಗಾಡಬಾರದು ಅಂತ ಪ್ರೋಗ್ರಾಮಿನವರು ಒಂದಿಷ್ಟು ಸುಳ್ಳು ಅಂಟು ಹಾಕ್ಯಾರ. ಅಂಟಿನ ಅಳತಿ ಸದ್ದಿನ ವೇಗದಿಂದ ಹಿಡಿದದ್ದು. ಮೂರು ಮೀಟರಿನ ಗಾಳಿಗೆ ಆರು ನೂರು ಮೀಟರಿನ ಅಂಟು. ಗಾಳಿ ಅದರಾಗ ಮುಳುಗೇ ಹೋಗ್ಯಾದ."

ರೋಗ ಗೊತ್ತಾಯಿತು, ಮದ್ದು ಗೊತ್ತಾಗಲಿಲ್ಲ. ಹಾಗೇ ಮೂರು ತಿಂಗಳು ಹೋಯಿತು.

1991ರ ಏಪ್ರಿಲ್‌ನಲ್ಲಿ ಅವಳನ್ನು ಜೇವರ್ಗಿಗೆ ಪರೀಕ್ಷಕಿಯಾಗಿ ಕಳಿಸಿದರು. ಮೂರು ದಿನದ ಕೆಲಸ. ಮೂರನೆಯ ದಿನ ಬಸ್ ನಿಲ್ದಾಣದ ಬೇವಿನ ಗಿಡದ ಕೆಳಗೆ ಕೂತು, ಬಸ್ಸು ಬರುವ ತನಕ ತನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದತೊಡಗಿದಳು. ಬಿಸಿ ಮಾಡಿದ ಕಬ್ಬಿಣದ ಸರಳು ಕೊನೆಗೆ ಯಾವ ಜಾಗದಲ್ಲಿ ಎಷ್ಟು ಬಿಸಿಯಾಗಿ ನಿಲ್ಲುತ್ತದೆ ಎಂಬುದು ಪ್ರಶ್ನೆ. ಒಬ್ಬ ಹುಡುಗ ಎರಡನೆಯ ಸಾಲಿನಲ್ಲೇ ತಪ್ಪಿದ್ದ. ಸಮೀಕರಣದ ಎಡಗಡೆಯನ್ನು, ಅಂದರೆ ಕಾಲದ ಜೊತೆ ಬದಲಾಗುವ ಭಾಗವನ್ನು, ಯಾಕೋ ಏಳರಿಂದ ಗುಣಿಸಿಬಿಟ್ಟಿದ್ದ. ಅವಳು ಕೆಂಪು ಪೆನ್ನಿನಿಂದ ಗೆರೆ ಹೊಡೆದು ಪುಟದ ಕೊನೆಗೆ ಹೋದಳು. ಉತ್ತರ ಸರಿಯಾಗಿತ್ತು.

ಯಾಕೆ ಸರಿ ಎಂದು ಅವಳಿಗೆ ಗೊತ್ತೇ ಇತ್ತು. ಎಲ್ಲ ಬದಲಾವಣೆ ನಿಂತ ಮೇಲೆ ಎಡಗಡೆ ಸೊನ್ನೆ. ಸೊನ್ನೆಯನ್ನು ಏಳರಿಂದ ಗುಣಿಸಿದರೇನು, ಎಪ್ಪತ್ತರಿಂದ ಗುಣಿಸಿದರೇನು?

ಕೆಂಪು ಪೆನ್ನು ಹಿಡಿದ ಕೈ ಹಾಗೇ ನಿಂತಿತು. ನನಗೂ ಕೊನೆಯ ಸ್ಥಿತಿಯಷ್ಟೇ ಬೇಕು. ಒಲೆಯಲ್ಲಿ ಮೊದಲ ಸೆಕೆಂಡಿನಲ್ಲಿ ಏನಾಯಿತು, ಎರಡನೆಯದರಲ್ಲಿ ಏನಾಯಿತು ಎಂಬುದು ಯಾರಿಗೆ ಬೇಕಾಗಿದೆ? ಹಾಗಿದ್ದ ಮೇಲೆ ದಾರಿಯಲ್ಲಿ ಸದ್ದು ಆರು ನೂರು ಮೀಟರಿನ ವೇಗದಲ್ಲೇ ಓಡಬೇಕೆಂದು ಯಾರು ಹೇಳಿದರು? ಎಡಗಡೆಯನ್ನು ಬೇಕಾದ ಹಾಗೆ ಗುಣಿಸಿ, ಸದ್ದನ್ನು ಗಾಳಿಯ ನಡಿಗೆಗೇ ತಂದು ನಿಲ್ಲಿಸಿದರೆ? ಇಬ್ಬರೂ ಜೊತೆಗೆ ನಡೆಯುತ್ತಾರೆ. ಕೊನೆಗೆ ಎಡಗಡೆ ಸೊನ್ನೆಯಾದಾಗ ಆ ಸುಳ್ಳು ತಾನೇ ಅಳಿಸಿಹೋಗುತ್ತದೆ. ಉಳಿಯುವುದು ಖರೆ ಉತ್ತರ.

ಆ ಹುಡುಗನಿಗೆ ಎರಡು ಅಂಕ ಕಡಿಮೆಯನ್ನೇ ಕೊಟ್ಟಳು. ತಪ್ಪು ತಪ್ಪೇ. ಆಮೇಲೆ ತನ್ನ ಚೀಲದಿಂದ ಬಿಳಿ ಹಾಳೆ ತೆಗೆದು ಬರೆಯಲು ಕೂತಳು. ಗುಲಬರ್ಗಾದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯ ಬಸ್ಸಿನ ಕಂಡಕ್ಟರು ಇಳಿದು ಬಂದು, "ಅಕ್ಕೋರೆ, ನೀವು ಯಾವೂರಿಗ್ರಿ?" ಎಂದು ಕೇಳಿದಾಗಲೇ ಅವಳು ತಲೆಯೆತ್ತಿದ್ದು. ಹಾಳೆ ತುಂಬಿತ್ತು.

ಬರೆದದ್ದನ್ನು ಪ್ರೋಗ್ರಾಮಿಗೆ ಸೇರಿಸಲು ಒಂದು ತಿಂಗಳು ಹಿಡಿಯಿತು. ಮೊದಲ ದಿನ ಶಿವಕಾಂತಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓಡಿಸಿದಳು. ಹನ್ನೊಂದನೆಯ ಸುತ್ತಿಗೆ ಪ್ರೋಗ್ರಾಮು ಬಿದ್ದುಹೋಯಿತು. ಪರದೆಯ ತುಂಬ ಅರ್ಥವಿಲ್ಲದ ದೊಡ್ಡ ದೊಡ್ಡ ಸಂಖ್ಯೆಗಳು.

"ರಾಕೆಟ್ ಹಾರಿ ಹೋಯ್ತು" ಎಂದಳು ಶಿವಕಾಂತಾ.

ಎಲ್ಲಿ ಕೆಟ್ಟಿತೆಂದು ಅವಳು ಮನೆ ಮನೆ ಹುಡುಕಿದಳು. ಎಲ್ಲ ಕಡೆ ಅಲ್ಲ, ಕೆಲವೇ ಮೂಲೆಗಳಲ್ಲಿ. ಗಾಳಿ ಅಲುಗದೆ ನಿಂತುಬಿಡುವ ಮೂಲೆಗಳು. ಸದ್ದನ್ನು ಗಾಳಿಯ ವೇಗಕ್ಕೆ ತರಬೇಕೆಂದು ಅವಳೇ ಬರೆದಿದ್ದಳು. ಗಾಳಿ ನಿಂತಲ್ಲಿ ಸದ್ದೂ ನಿಂತುಹೋಗಿ, ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಲೆಕ್ಕ ಸಿಡಿಯುತ್ತಿತ್ತು. ಅದಕ್ಕೊಂದು ಕೆಳಮಿತಿ ಹಾಕಿದಳು. ಎಂಥ ಮೂಲೆಯಾದರೂ ಸದ್ದಿನ ವೇಗ ಇಷ್ಟಕ್ಕಿಂತ ಕೆಳಗಿಳಿಯಬಾರದು. ಇಷ್ಟು ಎಂದರೆ ಎಷ್ಟು? ಹೆಚ್ಚಿಟ್ಟರೆ ಮತ್ತೆ ಅಂಟು, ಕಡಿಮೆಯಿಟ್ಟರೆ ಸಿಡಿತ. ಮೇ ತಿಂಗಳ ಉರಿಬಿಸಿಲಿನಲ್ಲಿ ರಜೆಯ ಪಾಲಿಟೆಕ್ನಿಕ್ಕಿಗೆ ದಿನವೂ ನಡೆದು ಹೋಗಿ, ನಲವತ್ತು ಬಗೆಯ ಮಿತಿ ಇಟ್ಟು ನೋಡಿದಳು. ಕಾದ ಗಾಳಿಗೆ ಒಂದು, ತಣ್ಣನೆಯದಕ್ಕೆ ಇನ್ನೊಂದು ಮಿತಿ ಬೇಕೆಂಬುದು ಮೂವತ್ತೆರಡನೆಯ ಸಲಕ್ಕೆ ಹೊಳೆಯಿತು.

ಪ್ಯಾರಿಬಿ ಒಂದು ದಿನ ಕೇಳಿದರು. "ರಜಾದಾಗೂ ಯಾಕ ಹೊಂಟಿ ಬೇ? ಪಗಾರ ಜಾಸ್ತಿ ಕೊಡ್ತಾರೇನು?"

"ಇಲ್ಲ ಅಮ್ಮಾ. ಮೂಲ್ಯಾಗಿನ ಗಾಳಿ ಜರಾ ತಕಲೀಫ್ ಕೊಡಾಕತ್ತಾದ."

"ಕಿಡಕಿ ತೆಗೀ ಮತ್ತ" ಎಂದರು ಪ್ಯಾರಿಬಿ.

ಪ್ರೋಗ್ರಾಮು ಈಗ ಬೀಳದೆ ಓಡುತ್ತಿತ್ತು. ಆದರೆ ಪ್ರತಿ ಸುತ್ತಿನ ಕೊನೆಗೆ ಉಳಿಯುವ ತಪ್ಪು ಇಳಿಯುತ್ತ ಇಳಿಯುತ್ತ ಒಂದು ಕಡೆ ಬಂದು ನಿಂತುಬಿಡುತ್ತಿತ್ತು. ಮುಂದೆ ಇಳಿಯದು, ಮೇಲೆ ಏರದು, ಅಲ್ಲೇ ನಡುಗುತ್ತ ಇರುವುದು. ಇದಕ್ಕೆ ಜೂನ್ ಪೂರ್ತಿ ಹೋಯಿತು. ಕಾರಣ ಸಿಕ್ಕಾಗ ಅವಳಿಗೆ ನಾಚಿಕೆಯೇ ಆಯಿತು. ಹೊರಗಿನ ಗಾಳಿಯ ಒತ್ತಡ ಒಂದು ಲಕ್ಷ ಪಾಸ್ಕಲ್. ಒಲೆಯ ಒಂದು ಮನೆಗೂ ಪಕ್ಕದ ಮನೆಗೂ ಇರುವ ವ್ಯತ್ಯಾಸ ಒಂದು ಪಾಸ್ಕಲಿನ ಹತ್ತನೆಯ ಒಂದು ಪಾಲೂ ಇಲ್ಲ. ಆ ಮಷೀನು ನೆನಪಿಡುತ್ತಿದ್ದುದು ಬರೀ ಏಳು ಅಂಕಿ. ಏಳರಲ್ಲಿ ಆರನ್ನು ಲಕ್ಷವೇ ತಿಂದುಹಾಕಿದರೆ ಕೆಲಸದ ಅಂಕಿಗೆ ಜಾಗವೆಲ್ಲಿ? ಲಕ್ಷವನ್ನು ಬದಿಗಿಟ್ಟು, ಅದಕ್ಕಿಂತ ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂಬುದನ್ನಷ್ಟೇ ಬರೆದಿಡುವ ಹಾಗೆ ಎಲ್ಲ ಸಾಲು ತಿದ್ದಿದಳು. ಹಾಗೆಯೇ ಸುಳ್ಳು ಅಂಟಿನ ಅಳತೆಯನ್ನೂ ಹೊಸ, ನಿಧಾನದ ಸದ್ದಿನಿಂದಲೇ ಹಿಡಿದಳು.

ಆಗಸ್ಟಿನ ಒಂದು ಬುಧವಾರ. ಹೊರಗೆ ಹದವಾದ ಮಳೆ. ಎರಡು ಗಂಟೆಗೆ ಕರೆಂಟು ಬಂತು. ಅವಳು ಪ್ರೋಗ್ರಾಮು ಹಚ್ಚಿ ಕೈಕಟ್ಟಿ ಕೂತಳು. ನೂರನೆಯ ಸುತ್ತಿಗೆ ತಪ್ಪು ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಮುನ್ನೂರಕ್ಕೆ ನೂರರಲ್ಲಿ ಒಂದು. ಶಿವಕಾಂತಾ ತರಗತಿ ಮುಗಿಸಿ ಬಂದಾಗ ಐದು ನೂರು ದಾಟಿತ್ತು.

"ನಿಂತದೇನು?"

"ಮಾತಾಡಬ್ಯಾಡ. ಇಳಿಯಾಕತ್ತಾದ."

ಏಳು ನೂರು. ಎಂಟು ನೂರು. ಸಂಖ್ಯೆ ತಡವರಿಸದೆ ಮೆಟ್ಟಿಲಿಳಿಯುತ್ತಿತ್ತು. ಒಂಬೈನೂರನೆಯ ಸುತ್ತಿಗೆ ತಪ್ಪು ಲಕ್ಷದಲ್ಲಿ ಒಂದು ಪಾಲಾಗಿ, ಪ್ರೋಗ್ರಾಮು ಮುಗಿಯಿತೆಂದು ತಾನೇ ಬರೆದು ನಿಂತಿತು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ನೂರಾ ಹನ್ನೊಂದು ದಿನದ ಕೆಲಸ ಎರಡೂವರೆ ತಾಸಿಗೆ ಬಂದಿತ್ತು. ಕರೆಂಟು ಹೋಗಲು ಇನ್ನೂ ಅರ್ಧ ತಾಸಿತ್ತು!

ವಜೀರುನ್ನಿಸಾ ಎದ್ದು ನಿಂತಳು. ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತಳು. ಶಿವಕಾಂತಾ ಅವಳ ಎರಡೂ ಕೈ ಹಿಡಿದು ಎಬ್ಬಿಸಿ ಗಿರ್ರನೆ ಒಂದು ಸುತ್ತು ತಿರುಗಿಸಿದಳು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಮಾಸ್ತರರು ಬಾಗಿಲಿಗೆ ಬಂದು ನೋಡಿ ಹೋದರು.

ಚಿತ್ರ ಬಿಡಿಸಿ ನೋಡಿದಾಗ ಒಲೆಯ ಗುಟ್ಟು ಬಯಲಾಯಿತು. ನಡುವಿನ ಕೊಪ್ಪರಿಗೆಯ ಕೆಳಗೆ, ತಳದ ಇಳಿಜಾರು ಒಮ್ಮೆಲೇ ಬೀಳುವಲ್ಲಿ, ಒಂದು ದಪ್ಪ ಸುಳಿ. ಅಲ್ಲಿ ಗಾಳಿ ಹಿಂದಕ್ಕೆ ಹೊರಳಿ ಅರ್ಧ ದಾರಿ ಅಡ್ಡಗಟ್ಟಿತ್ತು. ಹೊಗೆಗೆ ಮುಂದೆ ಹೋಗಲು ಜಾಗ ಸಾಲದೆ ಒಲೆಯ ಬಾಯಿಂದಲೇ ಹೊರಬರುತ್ತಿತ್ತು. ಗೂಡು ಎಷ್ಟು ಎತ್ತರಿಸಿದರೂ ಆ ಸುಳಿ ಹೋಗುತ್ತಿರಲಿಲ್ಲ.

ಅಣ್ಣಾರಾಯರು ಒಮ್ಮೆಲೇ ಒಪ್ಪಲಿಲ್ಲ. ಒಪ್ಪಬಾರದು ಕೂಡ. ಉತ್ತರ ಮೊದಲೇ ಗೊತ್ತಿರುವ ಮೂರು ಲೆಕ್ಕ ಕೊಟ್ಟರು. ಮೂರೂ ಸರಿ ಬಂದವು. ಹಳೆಯ ನಳಿಕೆಯ ಲೆಕ್ಕ ಕೊಟ್ಟರು. ವೇಗದ ಗಾಳಿಯಲ್ಲಿ ಅವಳ ಗುಣಕ ತಾನಾಗಿ ಒಂದಾಗಿ, ಪ್ರೋಗ್ರಾಮು ಮೊದಲಿನಂತೆಯೇ ನಾನೂರು ಸುತ್ತಿಗೆ ಮುಗಿಯಿತು. ಆಮೇಲೆ ಒಂದು ದಿನ ಅವರು ಮುಖ ಸಣ್ಣದು ಮಾಡಿಕೊಂಡು ಒಂದು ಜೆರಾಕ್ಸ್ ಪ್ರತಿ ಮುಂದಿಟ್ಟರು. ದೂರದ ಗ್ರಂಥಾಲಯದಿಂದ ತರಿಸಿದ್ದು. ಎಡಗಡೆಯನ್ನು ಗುಣಿಸಿ ಸದ್ದನ್ನು ತಗ್ಗಿಸುವ ಉಪಾಯವನ್ನು ಹೊರದೇಶದವರು ಕೆಲವು ವರ್ಷ ಮೊದಲೇ ಬರೆದಿದ್ದರು.

ಅವಳು ನಿಂತಲ್ಲೇ ಪೂರ್ತಿ ಓದಿದಳು. ಓದಿ ನಕ್ಕಳು.

"ಬ್ಯಾಸರ ಆಗಲಿಲ್ಲೇನವ್ವ?"

"ಯಾಕ್ರಿ ಸರ್? ಅಷ್ಟು ದೊಡ್ಡವರು ಕಂಡ ದಾರಿ ಜೇವರ್ಗಿ ಬಸ್ ಸ್ಟ್ಯಾಂಡಿನ್ಯಾಗ ನನಗೂ ಕಾಣಿಸ್ತು. ನಾ ತಪ್ಪಿಲ್ಲ ಅಂದಂಗಾತು." ಮತ್ತೆ ಹಾಳೆ ತಿರುವಿ ತೋರಿಸಿದಳು. "ನಿಂತ ಗಾಳಿಯ ಮೂಲಿಗೆ ಇವರು ಒಂದೇ ಮಿತಿ ಇಟ್ಟಾರ. ಬೆಂಕಿ ಇದ್ದಲ್ಲಿ ಅದು ನಡಿಯಂಗಿಲ್ಲ. ಅದಕ್ಕ ನನ್ನ ಲೆಕ್ಕದಾಗ ಎರಡು ಮಿತಿ ಅದಾವ."

ಅಣ್ಣಾರಾಯರು ಆ ಹಾಳೆಯನ್ನೂ ಅವಳು ಬರೆದ ಹಾಳೆಯನ್ನೂ ಜೋಡಿಸಿ ನೋಡಿದರು. "ನಳಿಕಿ ಬಿಡು" ಎಂದರು. "ಒಲಿನ ನಿನ್ನ ಪುಸ್ತಕ."

ನವೆಂಬರಿನಲ್ಲಿ ಗಾಣ ಶುರುವಾದ ವಾರ ಶಿವಕಾಂತಾಳೂ ಸೇರಿ ಮೂವರೂ ಭೂಸನೂರಿಗೆ ಹೋದರು. ಅಣ್ಣಾರಾಯರು ಒತ್ತಡ ಅಳೆಯಲು ಓರೆಯಾಗಿ ಕೂಡಿಸಿದ ಗಾಜಿನ ಕೊಳವೆಯೊಂದನ್ನು ತಂದಿದ್ದರು, ಒಳಗೆ ಕೆಂಪು ನೀರು. ಒಲೆಯ ಗೋಡೆಯಲ್ಲಿ ಎರಡು ಸಣ್ಣ ತೂತು ಕೊರೆದು ಕೊಳವೆ ಹಚ್ಚಿದರು. ಮೊದಲ ಕೊಪ್ಪರಿಗೆಗೂ ಎರಡನೆಯದಕ್ಕೂ ಒತ್ತಡದ ವ್ಯತ್ಯಾಸ ಎಂಟು ಪಾಸ್ಕಲ್ ಎಂದಿತ್ತು ಪ್ರೋಗ್ರಾಮು. ಕೆಂಪು ನೀರು ಏಳೂವರೆಯಲ್ಲಿ ನಿಂತಿತು. ಅಣ್ಣಾರಾಯರು ಮೂರು ಸಲ ಅಳೆದರು. ಮೂರು ಸಲವೂ ಏಳೂವರೆ.

"ಸುಳಿ ಅದ ಅಂತ ಹೆಂಗ ನೋಡೋದು?" ಎಂದರು ಅವರು. "ಒಳಗ ಕಣ್ಣು ಹಾಕಾಕ ಬರಂಗಿಲ್ಲ."

ವಜೀರುನ್ನಿಸಾ ಚಿತ್ರದ ಹಾಳೆಯನ್ನು ನಿಂಬೆವ್ವನ ಮುಂದೆ ಹಿಡಿದು, ಬಾಣದ ಗುರುತುಗಳನ್ನು ಬೆರಳಿನಿಂದ ತೋರಿಸಿದಳು. "ಇಲ್ಲಿ ಬಾಯಿ, ಇದು ನಡುವಿನ ಕೊಪ್ಪರಿಗಿ. ಇಲ್ಲಿಗೆ ಬಂದು ಬೆಂಕಿ ಹಿಂದಕ್ಕ ಹೊಳ್ಳತದ ಅಂತ ಲೆಕ್ಕ ಹೇಳತದ."

ನಿಂಬೆವ್ವ ಹಾಳೆ ನೋಡಲೇ ಇಲ್ಲ. "ಹೊಳ್ಳತದಲ್ಲವ್ವ! ದಿನಾ ನೋಡ್ತೇನಿ. ಸಿಪ್ಪಿ ಕಿಡಿ ಅಲ್ಲಿ ತನಾ ಹೋಗಿ, ಎಡಗಡಿ ಗೋಡಿ ಹಿಡಕೊಂಡು ನನ್ನ ಕಡೀಗೇ ಬರ್ತಾವ. ಎರಡು ವರ್ಷ ಆತು, ಯಾರಿಗಿ ಹೇಳಿದರ ಯಾರು ಕೇಳ್ತಾರ?"

ಚಿತ್ರದಲ್ಲೂ ಬಾಣಗಳು ಹಿಂದಿರುಗುತ್ತಿದ್ದುದು ಎಡಗೋಡೆಯ ಗುಂಟವೇ. ಅಣ್ಣಾರಾಯರು ಹಾಳೆಯನ್ನೂ ನಿಂಬೆವ್ವನನ್ನೂ ನೋಡಿ ಕೈ ಮುಗಿದುಬಿಟ್ಟರು.

ದೊಡ್ಡಪ್ಪ ಗಾಣ ಎಂಟು ದಿನ ನಿಲ್ಲಿಸಿದರು. ದತ್ತಪ್ಪ ಎಂಬ ಗೌಂಡಿ ಬಂದು ಅವಳ ನಕ್ಷೆಯ ಪ್ರಕಾರ ತಳ ಒಮ್ಮೆಲೇ ಬೀಳುವ ಜಾಗವನ್ನು ಒಡೆದು, ಇಟ್ಟಿಗೆಯಿಂದ ನಿಧಾನದ ಏರು ಕಟ್ಟಿದ. ಗಾಳಿ ಬರುವ ಕಂಡಿಯನ್ನು ಬೆಂಕಿಯ ಕೆಳಕ್ಕೆ ತಂದ. ಎತ್ತರಿಸಿದ್ದ ಗೂಡನ್ನು ನಾಲ್ಕು ಅಡಿ ಇಳಿಸಬಹುದೆಂದು ಅವಳು ಹೇಳಿದಾಗ ದೊಡ್ಡಪ್ಪ, "ಅದಕ್ಕ ಕೈ ಹಚ್ಚಬ್ಯಾಡ್ರಿ, ಅದು ನಾ ಕಟ್ಟಿಸಿದ್ದು" ಎಂದರು. ಇರಲಿ ಎಂದು ಬಿಟ್ಟಳು.

ಒಂಬತ್ತನೆಯ ದಿನ ಮುಂಜಾನೆ ಕೊಪ್ಪರಿಗೆಗೆ ರಸ ಬಿತ್ತು. ಸುತ್ತಿನ ನಾಲ್ಕಾರು ಹೊಲದವರು ನೋಡಲು ಬಂದಿದ್ದರು. ನಿಂಬೆವ್ವ ರೂಢಿಯಂತೆ ಸೆರಗಿನಿಂದ ಮೂಗು ಬಿಗಿದು ಬೆಂಕಿ ಹಚ್ಚಿದಳು. ಮೊದಲ ಹೊಗೆ ಬಾಯಲ್ಲಿ ಒಂದು ಗಳಿಗೆ ತಿಣುಕಿತು. ಆಮೇಲೆ ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ ಹೊಗೆಯೆಲ್ಲ ಭರ್ರನೆ ಒಳಹೋಗಿ, ಗೂಡಿನ ತುದಿಯಿಂದ ನೆಟ್ಟಗೆ ಮೇಲೆದ್ದಿತು. ಒಲೆ ದನಿ ಮಾಡಿ ಉರಿಯತೊಡಗಿತು.

ನಿಂಬೆವ್ವ ಮೂಗಿನ ಬಟ್ಟೆ ಬಿಚ್ಚಿದಳು. ಒಲೆಯ ಬಾಯಿಗೆ ಮುಖವೊಡ್ಡಿ ಕೂತಳು. ಒಂದು ಹಿಡಿ ಸಿಪ್ಪೆ ಒಡ್ಡಿದಳು, ಇನ್ನೊಂದು ಒಡ್ಡಿದಳು. "ಯಪ್ಪಾ! ಒಲಿ ನನ್ನ ಕೈಯಾಗಿಂದು ಕಸಗೊಳ್ಳಾಕತ್ತಾದ!" ಎಂದು ಕೂಗಿ ನಕ್ಕಳು. ನೆರೆದವರೆಲ್ಲ ನಕ್ಕರು. ಮೂರೂವರೆ ತಾಸು ಹಿಡಿಯುತ್ತಿದ್ದ ಅಡುಗೆ ಎರಡು ತಾಸು ಐವತ್ತು ನಿಮಿಷಕ್ಕೆ ಇಳಿಯಿತು. ಕಟ್ಟಿಗೆಯ ರಾಶಿಗೆ ಯಾರೂ ಕೈ ಹಚ್ಚಲಿಲ್ಲ. ದೊಡ್ಡಪ್ಪ ಬಿಸಿ ಬೆಲ್ಲದ ಮೊದಲ ಅಚ್ಚನ್ನು ಮುತ್ತಲದ ಎಲೆಯಲ್ಲಿಟ್ಟು ಅವಳ ಕೈಗೆ ಕೊಟ್ಟರು. "ಲೆಕ್ಕ ಹೊಗಿ ಓಡಿಸ್ತದ ಅಂತ ನಾ ನಂಬಿದ್ದಿಲ್ರಿ ಮೇಡಂ. ನನ್ನದು ತಪ್ಪಾತು." ನಿಂಬೆವ್ವ ಸಂಜೆಯೇ ಹನುಮಪ್ಪನ ಗುಡಿಗೆ ಹೋಗಿ, "ವಜೀರವ್ವನ ಹೆಸರಲೇ" ಎಂದು ಕಾಯಿ ಒಡೆಸಿದಳಂತೆ.

1993ರಲ್ಲಿ ಪಿಎಚ್.ಡಿ.ಯ ಕೊನೆಯ ಪರೀಕ್ಷೆ. ಗುಲಬರ್ಗಾದ ಆ ಸಭಾಂಗಣಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಪ್ಯಾರಿಬಿ ಮೊದಲ ಸಾಲಿನಲ್ಲಿ ಬುರ್ಖಾದ ಮುಸುಕು ಮೇಲೆತ್ತಿ ಕೂತಿದ್ದರು. ದೊಡ್ಡಪ್ಪ ಇಸ್ತ್ರಿ ಮಾಡಿದ ರುಮಾಲು ಸುತ್ತಿ ಬಂದಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಎರಡು ತಾಸು ಪ್ರಶ್ನೆ ಕೇಳಿದರು. ಮೂಲೆಯ ಮಿತಿಯ ಬಗ್ಗೆ ಒಂದು ತಾಸು. ಅವಳು ಹಲಗೆಯ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ, ಒಂದೂ ಬಿಡದೆ ಹೇಳಿದಳು.

ಕೊನೆಗೆ ಪರೀಕ್ಷಕರು ಪುಸ್ತಕ ತೆರೆದು, "ಸುಳಿಯ ಜಾಗವನ್ನು ಸ್ವತಂತ್ರವಾಗಿ ಗಮನಿಸಿದವರು ನಿಂಬೆವ್ವ ಎಂದು ಬರೆದಿದ್ದೀರಿ. ಇವರು ಯಾವ ಸಂಸ್ಥೆಯವರು?" ಎಂದು ಕೇಳಿದರು.

"ಭೂಸನೂರಿನವರು ಸರ್. ಒಲೆ ಉರಿಸ್ತಾರೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ."

ಎಲ್ಲರೂ ತಿರುಗಿ ನೋಡಿದರು. ನಿಂಬೆವ್ವ ಎದ್ದು ನಿಂತಳು. ಕಣ್ಣು ಈಗ ಕೆಂಪಾಗಿರಲಿಲ್ಲ. "ಹೌದ್ರಿ ಸಾಹೇಬ್ರ, ನಾನೇ ನೋಡೀನಿ" ಎಂದಳು ಗಟ್ಟಿಯಾಗಿ. "ಈಗ ಹೊಳ್ಳಂಗಿಲ್ಲ. ಬೇಕಾದರ ಬಂದು ನೋಡ್ರಿ."

ಪರೀಕ್ಷಕರು ಪುಸ್ತಕ ಮುಚ್ಚಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಭಾಂಗಣವೆಲ್ಲ ತಟ್ಟಿತು. ಪ್ಯಾರಿಬಿಗೆ ಏನು ನಡೆಯಿತೆಂದು ಪೂರ್ತಿ ತಿಳಿಯಲಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅವರೇ.

ಮುಂದಿನ ಸೋಮವಾರ ವಜೀರುನ್ನಿಸಾ ಪಾಲಿಟೆಕ್ನಿಕ್ಕಿಗೆ ಹೋದಾಗ ಗೇಟಿನ ಹತ್ತಿರ ಇಬ್ಬರು ರೈತರು ಕಾದಿದ್ದರು. ಒಬ್ಬರು ಹಿರೋಳ್ಳಿಯವರು, ಇನ್ನೊಬ್ಬರು ಜಿಡಗಾದ ಕಡೆಯವರು. ಕೈಯಲ್ಲಿ ತಮ್ಮ ತಮ್ಮ ಒಲೆಯ ಅಳತೆಗೆ ಗಂಟು ಹಾಕಿದ ಹಗ್ಗಗಳು.

"ಲೆಕ್ಕ ಹಾಕಿ ಕೊಡ್ತೀರಂತಲ್ರಿ?"

"ಬರ್ರಿ, ಒಳಗ ಕೂಡ್ರಿ. ಎರಡಕ್ಕ ಕರೆಂಟ್ ಬರ್ತದ" ಎಂದು ಅವಳು ಹಗ್ಗ ಇಸಿದುಕೊಂಡು, ಗಂಟುಗಳನ್ನು ಎಣಿಸುತ್ತ ಕಂಪ್ಯೂಟರಿನ ಕೋಣೆಯ ಕಡೆಗೆ ನಡೆದಳು.